ಹನ್ನೊಂದು ಗಂಟೆಯ ನೈವೇದ್ಯ

ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ನಮ್ಮ ಮನೆಯಲ್ಲಿ ಹುಂಜ ಕೂಗುತ್ತದೆ. ವಿನೋಬನಗರದ ಈ ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದವರು ಮೊದಮೊದಲು ನಮ್ಮ ಗೇಟಿನ ಹತ್ತಿರ ನಿಂತು ಹಿತ್ತಲ ಕಡೆ ಇಣುಕುವುದುಂಟು. ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ, ಒಂದು ಒಡೆದ ಬಕೆಟ್ಟು ಬಿಟ್ಟರೆ ಇನ್ನೇನೂ ಇಲ್ಲ. ಹುಂಜ ಇರುವುದು ನನ್ನ ಮೊಬೈಲಿನಲ್ಲಿ. ಇವತ್ತು ಭಾನುವಾರ, ಶಾಲೆಗೆ ರಜೆ. ಸೊಪ್ಪು ಬಿಡಿಸುತ್ತ ಕೂತಿದ್ದೆ, ಅದು ಕೂಗಿತು, ಎದ್ದುಹೋಗಿ ಹೆಸರುಬೇಳೆಯ ಪುಟ್ಟ ಬಟ್ಟಲು ಕೈಗೆತ್ತಿಕೊಂಡೆ. ಇದನ್ನು ಖಾಲಿ ಮಾಡಲು ನನಗೆ ಹೇಗೂ ಅರ್ಧ ಗಂಟೆ ಬೇಕು. ಅಷ್ಟರೊಳಗೆ ನಿಮಗೆ ಈ ಹುಂಜದ ಕಥೆ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ, ಸಂಕ್ರಾಂತಿಗೆ ಸ್ವಲ್ಪ ಮುಂಚೆ, ನಾನು ಹೊಟ್ಟೆ ಚಿಕ್ಕದು ಮಾಡಿಸಿಕೊಳ್ಳುವ ಆಪರೇಷನ್ ಮಾಡಿಸಿಕೊಂಡೆ. ಹೊರಗೆ ಕಾಣುವ ಹೊಟ್ಟೆಯಲ್ಲ, ಒಳಗಿನದು. ಈ ವ್ಯತ್ಯಾಸವನ್ನು ನೆಂಟರಿಗೆಲ್ಲ ವಿವರಿಸಿ ವಿವರಿಸಿಯೇ ನಾನು ಒಂದಿಷ್ಟು ತೂಕ ಇಳಿಸಿರಬೇಕು. ಬೇರೆ ದಾರಿ ಇರಲಿಲ್ಲ ಅನ್ನಿ. ಮಂಡಿಗಳೆರಡೂ ಮುಷ್ಕರ ಹೂಡಿದ್ದವು. ಶಾಲೆಯ ಮೆಟ್ಟಿಲು ಹತ್ತಿ ಎಂಟನೇ ತರಗತಿ ಸೇರುವಷ್ಟರಲ್ಲಿ ಪಾಠಕ್ಕೆಂದು ಇಟ್ಟುಕೊಂಡ ಉಸಿರೆಲ್ಲ ಖರ್ಚಾಗಿರುತ್ತಿತ್ತು. ಮಕ್ಕಳು ಪಾಪ, ನಾನು ಸುಧಾರಿಸಿಕೊಳ್ಳುವ ತನಕ ಗಲಾಟೆ ಮಾಡಿಕೊಂಡು ಸುಖವಾಗಿದ್ದರು.

ಆಪರೇಷನ್ ಆದ ಮೇಲೆ ಊಟದ ಅಳತೆಯೇ ಬದಲಾಯಿತು. ಮಗಳು ಚಿಕ್ಕವಳಿದ್ದಾಗ ಆಡುತ್ತಿದ್ದ ಅಡಿಗೆ ಸಾಮಾನಿನಿಂದ ಒಂದು ಸ್ಟೀಲ್ ಬಟ್ಟಲು, ಒಂದು ಚಮಚ ಬಡ್ತಿ ಪಡೆದು ನನ್ನ ಊಟದ ಪಾತ್ರೆಗಳಾದವು. ಒಂದು ಇಡ್ಲಿ ಅಂದರೆ ಔತಣ. ಚೆನ್ನಾಗಿ ಅಗಿಯಬೇಕು, ಊಟದ ಜೊತೆ ನೀರು ಕುಡಿಯುವಂತಿಲ್ಲ, ಬೇಳೆಕಾಳು ಮೊದಲು, ಅನ್ನ ಆಮೇಲೆ. ಸಿಹಿಯನ್ನಂತೂ ಮರೆತುಬಿಡಬೇಕು. ಮರೆಯದೆ ತಿಂದರೆ ಎದೆ ಡವಡವ ಹೊಡೆದುಕೊಂಡು, ಮೈಯೆಲ್ಲ ಬೆವೆತು, ಮಲಗಿಯೇ ಬಿಡಬೇಕು. ಎಲ್ಲಕ್ಕಿಂತ ಮುಖ್ಯ, ಹೊತ್ತು ಹೊತ್ತಿಗೆ ಸರಿಯಾಗಿ ಸ್ವಲ್ಪ ಸ್ವಲ್ಪ ತಿನ್ನಬೇಕು. ನನ್ನ ಮರೆವು ಗೊತ್ತಿದ್ದ ಮಗಳು ಮೊಬೈಲಿಗೆ ಹುಂಜದ ಅಲಾರಂ ಹಾಕಿಕೊಟ್ಟಳು. ಮೊದಲ ಸಲ ಅದು ಕೂಗಿದ್ದು ಸಂಧಿ ಪಾಠದ ನಡುವೆ. ಹಿಂದಿನ ಬೆಂಚಿನಿಂದ ಎರಡು ಹುಂಜಗಳು ಉತ್ತರ ಕೊಟ್ಟವು. ಅವತ್ತಿನಿಂದ ಶಾಲೆಯಲ್ಲಿ ಮೊಬೈಲು ಬರೀ ನಡುಗುತ್ತದೆ.

ಇನ್ನು ನಮ್ಮವರ ವಿಷಯ ಹೇಳಲೇಬೇಕು. ಹೋಟೆಲಿಗೆ ಹೋದರೆ ನಾನು ಮಸಾಲೆ ದೋಸೆಯ ಒಂದು ಮೂಲೆ ಮುರಿದು ತಿಂದು ಕೈ ಬಿಡುತ್ತಿದ್ದೆ. ಸಪ್ಲೈಯರ್ ಗಾಬರಿಯಾಗಿ, "ಯಾಕ್ ಮೇಡಂ, ಚೆನ್ನಾಗಿಲ್ವಾ?" ಅಂತ ಕೇಳುತ್ತಿದ್ದ. ನಮ್ಮವರು ಅವನನ್ನು ಸಮಾಧಾನ ಮಾಡಲೆಂದೇ ನನ್ನ ದೋಸೆಯನ್ನೂ ಮುಗಿಸುತ್ತಿದ್ದರು. ರಜೆಯಲ್ಲಿ ಸಾಗರದ ಕಡೆ ಹೊರಟರೆ ಆಯನೂರಿನ ಹತ್ತಿರ ಹುಂಜ ಕೂಗುತ್ತಿತ್ತು. ಗಾಡಿ ಮರದ ಕೆಳಗೆ ನಿಲ್ಲಿಸಿ ನಾನು ಚಮಚದಲ್ಲಿ ಬೇಯಿಸಿದ ಕಡಲೆ ಎಣಿಸುವಂತೆ ತಿನ್ನುತ್ತಿದ್ದರೆ, ಅವರು "ನಿಂಗೆ ಕಂಪನಿ ಕೊಡ್ತೀನಿ ಮಾರಾಯ್ತಿ" ಅಂತ ರಸ್ತೆ ದಾಟಿ ಮೆಣಸಿನಕಾಯಿ ಬಜ್ಜಿ ತರುತ್ತಿದ್ದರು. ಹೀಗೆ ಕಂಪನಿ ಕೊಟ್ಟು ಕೊಟ್ಟು, ನಾನು ಕಳೆದುಕೊಂಡ ತೂಕವನ್ನೆಲ್ಲ ಅವರು ಜೋಪಾನವಾಗಿ ತೆಗೆದಿಟ್ಟುಕೊಂಡರು. ಮನೆಯ ಒಟ್ಟು ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗಲಿಲ್ಲ.

ಇದೆಲ್ಲ ನಮ್ಮ ಮನೆಯ ಮಾತು. ನನಗೆ ನಿಜವಾಗಿ ಭಯವಿದ್ದದ್ದು ಯುಗಾದಿಗೆ.

ಹಬ್ಬಗಳೆಲ್ಲ ನಮಗೆ ಭದ್ರಾವತಿಯ ನ್ಯೂ ಟೌನಿನಲ್ಲಿ, ಅತ್ತೆ ಮಾವನ ಮನೆಯಲ್ಲಿ. ಮಾವ ಕಾರ್ಖಾನೆಯಲ್ಲಿದ್ದಾಗ ಆ ಮನೆ ನಡೆಯುತ್ತಿದ್ದದ್ದು ಸೈರನ್ನಿನ ಮೇಲೆ. ಅವರ ಶಿಫ್ಟ್ ಮುಗಿದು, ಅವರು ಬಂದು, ಸ್ನಾನ ಪೂಜೆ ಆದ ಮೇಲೆ ಊಟ. ಮಾವ ನಿವೃತ್ತರಾಗಿ ಎಷ್ಟೋ ವರ್ಷವಾದರೂ ಆ ಕ್ರಮ ನಿವೃತ್ತವಾಗಿರಲಿಲ್ಲ. ಹಬ್ಬದ ದಿನವಂತೂ ಅದು ಇನ್ನಷ್ಟು ಬಿಗಿ. ಮೊದಲು ದೇವರಿಗೆ ನೈವೇದ್ಯ, ಅದೂ ಮಾವನ ನಿಧಾನದ ಪೂಜೆ ಮುಗಿದು ಮಧ್ಯಾಹ್ನ ಒಂದೂವರೆಯ ಸುಮಾರಿಗೆ. ಆಮೇಲೆ ಮಾವ, ಬಂದ ಗಂಡಸರು, ಮಕ್ಕಳು, ನೆಂಟರು, ನಾನು. ಕೊನೆಗೆ ಅತ್ತೆ. ಅಡಿಗೆಮನೆಯ ನೆಲದ ಮೇಲೆ, ಗ್ಯಾಸ್ ಸಿಲಿಂಡರಿಗೆ ಬೆನ್ನು ಕೊಟ್ಟು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಅವರು ಊಟ ಮಾಡುತ್ತಿದ್ದರು. "ಅತ್ತೆ, ಹೋಳಿಗೆ ಆರಿಹೋಗಿದೆ, ಬಿಸಿ ಮಾಡ್ತೀನಿ ತಾಳಿ" ಅಂದರೆ, "ಬೇಡ ಕಣೇ, ನಂಗೆ ಆರಿದ್ದೇ ಇಷ್ಟ" ಅನ್ನುತ್ತಿದ್ದರು. ಅತ್ತೆಗೆ ಆರಿದ ಹೋಳಿಗೆ ಇಷ್ಟ ಅನ್ನುವುದು ಮಾವನಿಗೆ ಸಕ್ಕರೆ ಇಲ್ಲದ ಕಾಫಿ ಇಷ್ಟ ಅನ್ನುವಷ್ಟೇ ಎಲ್ಲರಿಗೂ ಗೊತ್ತಿದ್ದ ವಿಷಯವಾಗಿತ್ತು.

ನೈವೇದ್ಯಕ್ಕೆ ಮುಂಚೆ ಆ ಮನೆಯಲ್ಲಿ ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ, ಯುಗಾದಿಯ ಬೇವು ಬೆಲ್ಲವೊಂದನ್ನು ಬಿಟ್ಟು. ಅದರ ಜೊತೆಗೆ ನಾನು ಅತ್ತೆಯ ಹೆಮ್ಮೆಯ ಊಟಗಾರ್ತಿ. "ನನ್ ಸೊಸೆ ಕೂತ್ರೆ ಮಾಡಿದ್ದು ಸಾರ್ಥಕ ನೋಡು" ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಈಗ ನಾನು ಅವರಿಗಿಂತ ಮೊದಲು, ದೇವರಿಗಿಂತಲೂ ಮೊದಲು ತಿನ್ನಬೇಕು, ತಿಂದರೂ ಎರಡೇ ಚಮಚ, ಹೋಳಿಗೆಯಂತೂ ಇಲ್ಲ. ಆ ಅಡಿಗೆಮನೆಯಲ್ಲಿ ನನಗಿದ್ದ ಜಾಗವೆಲ್ಲ ಊಟದಿಂದಲೇ ಸಿಕ್ಕಿದ್ದು ಅಂತ ನನಗೆ ಗೊತ್ತಿತ್ತು. ಅದು ಹೋದರೆ ಅತ್ತೆಗೆ ನಾನು ಯಾರೋ ಆಗಿಬಿಡುತ್ತೇನೆ ಅಂತ ಹೆದರಿದ್ದೆ. ಹಾಗಾಗಿ ಆಪರೇಷನ್ ಆಯಿತು ಅಂದದ್ದು ಬಿಟ್ಟರೆ ಪಥ್ಯದ ವಿಷಯ ಫೋನಿನಲ್ಲಿ ಏನೂ ಹೇಳದೆ, ಒಂದು ದಿನ ಹೇಗೋ ತಡೆದುಕೊಂಡರಾಯಿತು ಎಂದುಕೊಂಡು ಹೊರಟೆ. ಗಾಬರಿಯಲ್ಲಿ ಅಲಾರಂ ತೆಗೆಯುವುದನ್ನು ಮರೆತಿದ್ದೆ.

ಬೇವು ಬೆಲ್ಲದಲ್ಲಿ ನನಗೆ ಬೇವು ಮಾತ್ರ ದಕ್ಕಿತು. ನಮ್ಮವರು, "ಈ ವರ್ಷ ಪೂರ್ತಿ ನಂಗೆ ಗ್ರಹಚಾರ" ಎಂದು ಗೊಣಗಿ, ಮೈಗೆಲ್ಲ ಎಣ್ಣೆ ಹಚ್ಚಿಕೊಂಡು, ಟವೆಲ್ಲು ಸುತ್ತಿಕೊಂಡು ಹಿತ್ತಲಲ್ಲಿ ಒಲೆಯ ಮೇಲಿನ ನೀರು ಕಾಯುವುದನ್ನೇ ಕಾಯುತ್ತಿದ್ದರು. ದೇವರಮನೆಯಲ್ಲಿ ಮಾವನ ಗಂಟೆ. ಪಕ್ಕದ ಅಡಿಗೆಮನೆಯಲ್ಲಿ ನಾನು ಹೋಳಿಗೆ ತಟ್ಟುತ್ತಿದ್ದೆ, ಅತ್ತೆ ಬೇಯಿಸುತ್ತಿದ್ದರು. ಆಗ ಶೆಲ್ಫಿನ ಮೇಲಿಂದ ಹುಂಜ ಕೂಗಿತು.

ಮಾವನ ಗಂಟೆ ನಿಂತಿತು. ಅತ್ತೆ ಹೋಳಿಗೆ ಮೊಗಚುವ ಕೈ ಹಿಡಿದುಕೊಂಡೇ ಕಿಟಕಿಗೆ ಓಡಿ, ಕಾಂಪೌಂಡಿನಾಚೆಯ ಶಮೀಮಮ್ಮನನ್ನು ಕರೆದರು. ಶಮೀಮಮ್ಮ ಅತ್ತೆಯ ನೆರೆಯವರು, ಕೋಳಿ ಸಾಕುತ್ತಾರೆ. ಇಬ್ಬರದೂ ಬಹಳ ಕಾಲದ ಸ್ನೇಹ, ಜಗಳ.

"ಏ ಶಮೀಮಾ! ನಿನ್ ಹುಂಜ ನಮ್ ದೇವರಮನೆಗೆ ನುಗ್ಗಿದೆ, ಬಂದು ಹಿಡ್ಕೊಂಡು ಹೋಗೇ!"

"ನಂದು ಇಲ್ಲೇ ಇದೆ ಅಕ್ಕಾ! ಕಾಲಿಗೆ ಹಗ್ಗ ಕಟ್ಟಿದೀನಿ!"

ಅಷ್ಟರಲ್ಲಿ ಮೊಬೈಲು ಮತ್ತೆ ಕೂಗಿತು. ಈ ಸಲ ಶಮೀಮಮ್ಮನ ಹುಂಜಕ್ಕೆ ಅವಮಾನವಾಗಿರಬೇಕು, ಅದೂ ಕೂಗಿತು. ಇದು ಕೂಗಿದರೆ ಅದು, ಅದು ಕೂಗಿದರೆ ಇದು. ನನ್ನ ಕೈಗೆ ಕಣಕ ಮೆತ್ತಿಕೊಂಡಿದ್ದರಿಂದ ಮೊಬೈಲು ಒತ್ತಿದರೆ ಕೇಳುತ್ತಲೇ ಇಲ್ಲ. ಅತ್ತೆ ಬಾಗಿಲ ಸಂದಿಯಲ್ಲಿ, ಅಕ್ಕಿ ಡಬ್ಬಿಯ ಹಿಂದೆ ಎಲ್ಲ ಹುಂಜ ಹುಡುಕುತ್ತಿದ್ದರು.

"ಅತ್ತೆ, ಅದು ನಂದು" ಅಂದೆ.

ಎಲ್ಲವನ್ನೂ ಹೇಳಬೇಕಾಯಿತು. ಹೊತ್ತಿಗೆ ತಿನ್ನಬೇಕಾದದ್ದು, ಇಲ್ಲದಿದ್ದರೆ ತಲೆ ತಿರುಗುವುದು, ಎಲ್ಲ. "ಪರವಾಗಿಲ್ಲ, ಇವತ್ತೊಂದಿನ ತಡ್ಕೋತೀನಿ" ಎಂದೂ ಸೇರಿಸಿದೆ. ಆದರೆ ಆಗಲೇ ನಾನು ತಟ್ಟುತ್ತಿದ್ದ ಹೋಳಿಗೆ ಎಲೆಯ ಮೇಲೆ ಕರ್ನಾಟಕದ ನಕಾಶೆಯ ಆಕಾರಕ್ಕೆ ಬಂದಿತ್ತು. ಅತ್ತೆ ಅದನ್ನು ನೋಡಿದರು, ನನ್ನ ಹಣೆಯ ಬೆವರು ನೋಡಿದರು.

ಅಷ್ಟರಲ್ಲಿ ಕಿಟಕಿಯ ಹತ್ತಿರವೇ ಬಂದು ನಿಂತಿದ್ದ ಶಮೀಮಮ್ಮ ಬಾಯಿ ಹಾಕಿದರು. "ಹುಷಾರಿಲ್ದೋರಿಗೆ ನಮ್ಮಲ್ಲಿ ರೋಜಾ ಉಪವಾಸಾನೇ ಮಾಫ್ ಅಕ್ಕಾ. ಮಗು ಬೆವರ್ತಾ ಇದೆ, ಒಂದು ತುತ್ತು ಕೊಡಿ."

"ನಿಮ್ಮೋನು ಮಾಫ್ ಮಾಡ್ತಾನೆ ಮಾರಾಯ್ತಿ. ನಮ್ ಈಶ್ವರನ ಕೋಪ ನಿಂಗೊತ್ತಿಲ್ಲ" ಅಂದ ಅತ್ತೆ ಒಲೆ ಸಣ್ಣಗೆ ಮಾಡಿ ಒಂದು ಗಳಿಗೆ ಯೋಚಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನೈವೇದ್ಯಕ್ಕಿಂತ ಮುಂಚೆ ತಿನ್ನಬಾರ್ದು, ಅಷ್ಟೇ ತಾನೆ? ನೈವೇದ್ಯನೇ ಮುಂಚೆ ಮಾಡಬಾರ್ದು ಅಂತ ಯಾರೂ ಹೇಳಿಲ್ವಲ್ಲ" ಅಂದರು.

ಪುಟ್ಟ ಹಿತ್ತಾಳೆ ತಟ್ಟೆ ಬಂತು. ಹೆಂಚಿನಿಂದ ಆಗಷ್ಟೇ ಇಳಿದ ಹೋಳಿಗೆ, ಮೇಲೆ ತುಪ್ಪ, ಪಕ್ಕದಲ್ಲಿ ಎರಡು ಚಮಚ ಹೆಸರುಬೇಳೆ ಕೋಸಂಬರಿ. ಅತ್ತೆ ಅದನ್ನು ದೇವರಮನೆಯ ಹೊಸ್ತಿಲೊಳಗೆ ಇಟ್ಟರು.

"ಇದೇನೇ ಇದು? ಪೂಜೆ ಅರ್ಧಕ್ಕೂ ಬಂದಿಲ್ಲ. ದೇವರಿಗೆ ಈಗ್ಲೇ ಹಸಿವಾಗುತ್ತೇನೇ?" ಅಂದರು ಮಾವ.

"ಆಗಲ್ಲ ಅಂತ ನಿಮಗ್ ಹೆಂಗ್ ಗೊತ್ತು? ಇಷ್ಟು ವರ್ಷದಲ್ಲಿ ಒಂದಿನಾನಾದ್ರೂ ಕೇಳಿದೀರಾ?"

ಮಾವ ಗಂಟೆ ಬಾರಿಸಿದರು. ನಾನು ಬಾಗಿಲಲ್ಲಿ ನಿಂತು ಆ ತಟ್ಟೆ ನೋಡುತ್ತಿದ್ದೆ. ಈ ಮನೆಯಲ್ಲಿ ನನ್ನಷ್ಟೇ ಊಟದವರು ಇನ್ನೊಬ್ಬರಿದ್ದಾರೆ ಎಂದು ನನಗೆ ಆಗ ಹೊಳೆಯಿತು. ಇಷ್ಟೇ ಇಷ್ಟು ಬಡಿಸಿಕೊಳ್ಳುವುದು, ಅದನ್ನೂ ನೋಡಿಯೇ ತೃಪ್ತಿಪಡುವುದು. ದೇವರೂ ಎಂದೋ ಆಪರೇಷನ್ ಮಾಡಿಸಿಕೊಂಡಿರಬೇಕು.

ತಟ್ಟೆ ಅಡಿಗೆಮನೆಗೆ ಬಂತು. ನಾನು ಕೋಸಂಬರಿಯನ್ನು ನನ್ನ ಬಟ್ಟಲಿಗೆ ಹಾಕಿಕೊಂಡೆ. ಹೋಳಿಗೆ ತಟ್ಟೆಯಲ್ಲೇ ಉಳಿಯಿತು. ನಾನು ತಿನ್ನುವಂತಿಲ್ಲ, ಪ್ರಸಾದವನ್ನು ಬಿಡುವಂತಿಲ್ಲ. ಉಳಿದದ್ದನ್ನು ಮುಗಿಸುವ ಅಭ್ಯಾಸಬಲದಿಂದ ನಮ್ಮವರು ಹಿತ್ತಲ ಬಾಗಿಲಿನಿಂದ ಕೈ ಚಾಚಿದರು. ಅತ್ತೆ ಆ ಕೈಗೆ ಮೊಗಚುವ ಕೈಯಿಂದಲೇ ಒಂದು ಕೊಟ್ಟರು. "ಎಣ್ಣೆ ಮೈಯಲ್ಲಿ ಪ್ರಸಾದ ಮುಟ್ತೀಯೇನೋ! ಹೋಗು, ಸ್ನಾನ ಮಾಡ್ಕೊಂಡು ಬಾ." ಮಗಳು ಯಾರದೋ ಮನೆಗೆ ಬೇವು ಬೆಲ್ಲ ಕೊಡಲು ಹೋಗಿದ್ದಳು. ಮಾವ ಪೂಜೆ ಬಿಟ್ಟು ಏಳುವಂತಿಲ್ಲ. ಉಳಿದವರು ಅತ್ತೆ ಒಬ್ಬರೇ.

"ನೀವೇ ತಿನ್ನಿ ಅತ್ತೆ" ಎಂದು ಮಣೆ ಎಳೆದು ಹಾಕಿದೆ.

"ನಾನಾ? ಈಗಲೇ?" ಅಂದ ಅವರು ದೇವರಮನೆಯ ಕಡೆ ಒಮ್ಮೆ ನೋಡಿ, ಕಳ್ಳತನಕ್ಕೆ ಕೂತವರಂತೆ ಮಣೆಯ ತುದಿಯಲ್ಲಿ ಕೂತರು. ಹೋಳಿಗೆಯ ಅಂಚು ಮುರಿದರು. ಒಳಗಿನಿಂದ ಹಬೆ ಬಂತು. ಬಾಯಿಗಿಟ್ಟುಕೊಂಡರು. ಸ್ವಲ್ಪ ಹೊತ್ತು ಅಗಿಯಲೇ ಇಲ್ಲ.

"ಬಿಸಿ ಹೋಳಿಗೆ ಹೀಗಿರುತ್ತೇನೇ?" ಅಂದರು.

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ.

"ನೀವು ತಿಂದೇ ಇಲ್ವಾ ಅತ್ತೆ?"

"ಮದುವೆಗೆ ಮುಂಚೆ ತಿಂದಿರ್ತೀನಿ ಕಣೇ. ನೆನಪಿಲ್ಲ."

"ಮತ್ತೆ ಆರಿದ್ದೇ ಇಷ್ಟ ಅಂತಿದ್ರಿ?"

"ಹಂಗಂದ್ರೆ ನೀವ್ಯಾರೂ ಬೇಜಾರ್ ಮಾಡ್ಕೊಳ್ಳಲ್ವಲ್ಲ, ಅದಕ್ಕೆ."

ಇಷ್ಟು ವರ್ಷ ಅವರ ಕೈಯಿಂದಲೇ ಒಂದರ ಮೇಲೊಂದು ಬಿಸಿ ಹೋಳಿಗೆ ಬಡಿಸಿಕೊಂಡು ತಿಂದವಳು ನಾನು. ಅಳು ಬಂದೇಬಿಡುತ್ತಿತ್ತು, ಆದರೆ ಬಾಯಲ್ಲಿ ಕೋಸಂಬರಿ ಇತ್ತು, ಅದನ್ನು ಇನ್ನೂ ಎಷ್ಟೋ ಸಲ ಅಗಿಯುವುದಿತ್ತು. ಅಳುವುದಕ್ಕೆ ನನ್ನ ಪಥ್ಯದಲ್ಲಿ ಸಮಯವೇ ಸಿಗಲಿಲ್ಲ. ಅತ್ತೆ ಅಷ್ಟರಲ್ಲಿ ಹೆಂಚಿನ ಮೇಲಿದ್ದ ಕರ್ನಾಟಕವನ್ನೂ ತಟ್ಟೆಗೆ ಹಾಕಿಕೊಂಡಿದ್ದರು. ಕಿಟಕಿಯಲ್ಲಿ ಶಮೀಮಮ್ಮನ ಮುಖ ಮತ್ತೆ ಮೂಡಿತು.

"ಏನಕ್ಕಾ, ರೋಜಾ ಬಿಟ್ರಾ?"

ಅತ್ತೆ ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು ತಲೆಯಾಡಿಸಿದರು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಎಲ್ಲ ಹಬ್ಬಕ್ಕೂ ಹನ್ನೊಂದು ಗಂಟೆಗೆ ಒಂದು ನೈವೇದ್ಯ ನಡೆಯುತ್ತದೆ. ಮಾವ ಮೊದಮೊದಲು ಗೊಣಗಿದರು. ಈಗ ಹತ್ತೂಮುಕ್ಕಾಲಿಗೇ ಗಂಟೆ ಒರೆಸಿ ಇಟ್ಟುಕೊಂಡಿರುತ್ತಾರೆ. ಹೋಳಿಗೆಯೋ ಕಡುಬೋ ಅತ್ತೆಗೆ, ಬೇಳೆಕಾಳು ನನಗೆ. ರಂಜಾನಿನಲ್ಲಿ ಶಮೀಮಮ್ಮ ಕಳಿಸುವ ಡಬ್ಬಿಯೂ ಈಗ ಎರಡು, ಖೀರು ಅತ್ತೆಯ ಹೆಸರಿಗೆ, ಬೇಯಿಸಿದ ಕಡಲೆ ನನ್ನ ಹೆಸರಿಗೆ. ಯಾರೋ ಆಗಿಬಿಡುತ್ತೇನೆಂದು ಹೆದರಿದ್ದವಳು ಅತ್ತೆಯ ಜೊತೆ ಒಂದೇ ಹೊತ್ತಿಗೆ ಕೂತು ಉಣ್ಣುವವಳಾದೆ. ಹೊಟ್ಟೆ ದೊಡ್ಡದಿದ್ದಾಗ ಈ ಭಾಗ್ಯ ನನಗೆ ಒಂದು ದಿನವೂ ಸಿಕ್ಕಿರಲಿಲ್ಲ.

ಬಟ್ಟಲು ತಳ ಕಂಡಿತು ನೋಡಿ. ನಿಜ ಹೇಳಬೇಕೆಂದರೆ ನನಗೀಗ ಈ ಹುಂಜ ಬೇಕಾಗಿಲ್ಲ, ಹೊತ್ತಾದರೆ ಹೊಟ್ಟೆಯೇ ಹೇಳುತ್ತದೆ. "ಅಮ್ಮ, ಟೋನ್ ಚೇಂಜ್ ಮಾಡ್ಲಾ?" ಎಂದು ಮಗಳು ಎಷ್ಟೋ ಸಲ ಕೇಳಿದ್ದಾಳೆ. ನಾನು ಒಪ್ಪುವುದಿಲ್ಲ. ಯಾಕೆಂದರೆ ಇದು ಕೂಗಿದ ಸ್ವಲ್ಪ ಹೊತ್ತಿಗೆ, ಹಬ್ಬವಿರಲಿ ಬಿಡಲಿ, ಭದ್ರಾವತಿಯಿಂದ ಫೋನು ಬರುತ್ತದೆ. ಇಗೋ, ಬಂತು.

"ಹುಂಜ ಕೂಗ್ತೇನೇ?"

"ಕೂಗ್ತು ಅತ್ತೆ, ತಿಂದೂ ಆಯ್ತು. ನಿಮ್ದು?"

"ದೋಸೆ ಹಾಕ್ಕೊಂಡು ಕೂತಿದೀನಿ."

ಹಿಂದಿನಿಂದ ಮಾವನ ದನಿ ಕೇಳಿಸಿತು: "ನಂದ್ಯಾವಾಗ್ಲೇ?"

"ನಿಮ್ದು ಆಮೇಲೆ" ಎಂದು ಅತ್ತೆ ಆ ಕಡೆ ಹೇಳಿದರು. ಆಮೇಲೆ ನನಗೆ, "ಇಡೇ ಫೋನು, ದೋಸೆ ಬಿಸಿ ಇದೆ" ಎಂದು, ನಾನು ಇಡುವ ಮೊದಲೇ ತಾವೇ ಇಟ್ಟುಬಿಟ್ಟರು.