ಖಲಾಸ್ ಎಂಬ ಒಂದು ಮಾತು

೨೦೧೩ರಲ್ಲಿ ನಾನು ಸೌದಿ ಅರೇಬಿಯಾದ ದಕ್ಷಿಣದ ಗುಡ್ಡಗಳ ನಡುವಿನ ಒಂದು ಸಣ್ಣ ಚಿನ್ನದ ಗಣಿಯಲ್ಲಿ ಸೇಫ್ಟಿ ಆಫೀಸರ್ ಆಗಿದ್ದೆ. ಖಮೀಸ್ ಮುಶೈತ್‌ನಿಂದ ಕಾರಿನಲ್ಲಿ ಅರ್ಧ ದಿನದ ದಾರಿ. ಗಣಿ ತೆರೆದಾಗ ಅಲ್ಲಿದ್ದದ್ದು ತಗಡಿನ ಕೆಲವು ಕೋಣೆಗಳಷ್ಟೇ ಅಂತೆ. ನಾನು ಹೋಗುವಷ್ಟರಲ್ಲಿ ಕ್ಷೌರದಂಗಡಿ, ಚಹದಂಗಡಿ, ಮಸೀದಿ, ವಾಲಿಬಾಲ್ ಅಂಗಳ ಎಲ್ಲ ಬಂದು ಅದೊಂದು ಊರೇ ಆಗಿತ್ತು, ಹೆಂಗಸರು ಮಕ್ಕಳಿಲ್ಲದ ಊರು. ಮೆಸ್ಸಿನಲ್ಲಿ ಉಪ್ಪಿನಂಗಡಿಯ ಇಸ್ಮಾಯಿಲ್ ಶುಕ್ರವಾರಗಳಂದು ನಮಗಾಗಿ ಅಕ್ಕಿ ಉಂಡೆಯ ಪುಂಡಿ ಬೇಯಿಸುತ್ತಿದ್ದರು. ಅವರ ಹೆಂಡತಿಯ ತಮ್ಮ ಅಬ್ಬಾಸ್ ಗಣಿಯೊಳಗೆ ಕೆಲಸಕ್ಕಿದ್ದ.

ಹಲವು ಭಾಷೆಗಳ ಆ ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತೆಂದರೆ ಅರಬಿಯ ‘ಖಲಾಸ್’. ಊಟ ಆದರೆ ಖಲಾಸ್, ನೀರು ತೀರಿದರೆ ಖಲಾಸ್, ಇವತ್ತಿಗೆ ಸಾಕು ಎನ್ನುವುದಕ್ಕೂ ಖಲಾಸ್. ರೇಡಿಯೊದಲ್ಲಿ ಇದು ಬೇಡ, ಏನು ಮುಗಿಯಿತೆಂದು ಬಿಡಿಸಿ ಹೇಳಿ ಎಂದು ನಾನು ಪ್ರತಿ ವಾರ ಗೋಗರೆಯುತ್ತಿದ್ದೆ.

ಅಬ್ಬಾಸ್ ನಗುತ್ತಿದ್ದ. “ಎಂತ ಸಾರ್, ಅದನ್ನೂ ತೆಗೆದ್ರೆ ನಮ್ಮ ಬಾಯಲ್ಲಿ ಮತ್ತೆ ಉಳಿಯುವುದೆಂತ?”

ಆ ದಿನ ಎರಡು ಹೆಡಿಂಗ್‌ಗಳಲ್ಲಿ, ಅಂದರೆ ಸುರಂಗವನ್ನು ಮುಂದಕ್ಕೆ ಕೊರೆಯುವ ತುದಿಗಳಲ್ಲಿ, ಸ್ಫೋಟವಿತ್ತು. ಎರಡನೆಯದು ತಡವಾದರೆ ಮರುದಿನಕ್ಕೆ ಎಂದು ಮಾತಾಗಿತ್ತು. ಅಲ್ಲಿಗೆ ಯಾರೂ ಹೋಗದಂತೆ ದಾರಿಗೆ ಸರಪಳಿ ಕಟ್ಟಿ ಅಬ್ಬಾಸ್ ಕಾವಲು ನಿಂತಿದ್ದ. ನಾನು ಮೇಲೆ ಆಫೀಸಿನಲ್ಲಿ ರೇಡಿಯೊ ಮುಂದೆ ಕೂತಿದ್ದೆ.

ಮೊದಲನೆಯದು ಸಿಡಿಯಿತು. ಬಹಳ ಹೊತ್ತಿನ ಬಳಿಕ ಸಿಡಿಮದ್ದಿನ ಮೇಸ್ತ್ರಿ ಮುರಾದ್‌ನ ದನಿ ಬಂತು: “ಖಲಾಸ್.” ಎರಡನೆಯದಕ್ಕೆ ಮದ್ದು ತುಂಬಿ ಆಯಿತೆಂದು ಅವನ ಅರ್ಥ. ಇವತ್ತಿಗೆ ಕೆಲಸ ನಿಂತಿತು ಎಂದು ಅಬ್ಬಾಸ್ ತಿಳಿದ. ಸರಪಳಿ ಬಿಚ್ಚಿ, ಗಾಳಿಯ ಪೈಪ್ ನೋಡಲು ಒಳಗೆ ಹೊರಡುತ್ತ ಅವನೂ ಉತ್ತರಿಸಿದ: “ಖಲಾಸ್.” ಅದು ದಾರಿಯಲ್ಲಿ ಯಾರೂ ಇಲ್ಲ ಎಂಬಂತೆ ಮುರಾದ್‌ಗೆ ಕೇಳಿಸಿತು.

“ಏನು ಖಲಾಸ್?” ಎಂದು ಕೇಳಲು ನಾನು ರೇಡಿಯೊದ ಗುಂಡಿ ಒತ್ತಿದೆ. ಅಷ್ಟರಲ್ಲೇ ಕಾಲ ಕೆಳಗಿನ ನೆಲ ನಡುಗಿತು.

ಸಂಜೆ ಇಸ್ಮಾಯಿಲ್ ಮೆಸ್ಸಿನ ಬಾಗಿಲಲ್ಲಿ ಕೇಳಿದರು: “ಅವನತ್ರ ಒಳಗೆ ಹೋಗ್ಲಿಕ್ಕೆ ಹೇಳಿದ್ದು ಯಾರು ಸಾರ್?”

ಯಾರೂ ಹೇಳಿರಲಿಲ್ಲ.

ಅಬ್ಬಾಸ್‌ನನ್ನು ಕೆಳಗಿನ ಹಳ್ಳಿಯಲ್ಲಿ ದಫನ ಮಾಡಿದರು. ಮೊದಲೇ ಚಿನ್ನ ಕಡಿಮೆಯಾಗಿದ್ದ ಗಣಿಯನ್ನು ಆ ವರ್ಷವೇ ಮುಚ್ಚಿದರು. ತಗಡು ಬಿಚ್ಚಿ ಲಾರಿಗೆ ಹೇರಿದರು, ವಾಲಿಬಾಲ್ ಕಂಬಗಳೂ ಹೋದವು. ಅಪಾಯವನ್ನು ಮೊದಲೇ ಕಂಡು ವಾರವಾರ ಹೇಳಿದರೂ ಒಬ್ಬ ಮನುಷ್ಯನನ್ನು ಉಳಿಸಿಕೊಳ್ಳಲು ಆಗುವುದಿಲ್ಲ ಎಂಬುದೇ ಈ ವೃತ್ತಿ ನನಗೆ ಕಲಿಸಿದ ಪಾಠ. ಇದಕ್ಕಿಂತ ಒಳ್ಳೆಯ ಪಾಠ ನನ್ನ ಹತ್ತಿರ ಇಲ್ಲ.

ಕೊನೆಯ ಬಸ್ಸು ಹೊರಡುವಾಗ ಡ್ರೈವರ್ ತಿರುಗಿ ನೋಡಿ ಕೇಳಿದ: “ಖಲಾಸ್?”

ನಾನು “ಎಲ್ಲರೂ ಹತ್ತಿದ್ದಾರೆ” ಎಂದೆ.

ಕಿಟಕಿಯ ಬದಿಯಲ್ಲಿದ್ದ ಇಸ್ಮಾಯಿಲ್ ಮೆಲ್ಲಗೆ ಅಂದರು: “ಎಲ್ಲರೂ ಅಲ್ಲ ಸಾರ್.”