ಶೈಲಾಳ ಶೂ ಇಟ್ಟ ಎಡೆ

ಪಿತೃಪಕ್ಷದಲ್ಲಿ ಎಡೆ ಇಟ್ಟು, ಬಾಗಿಲು ಹಾಕಿಕೊಂಡು ಹೊರಗೆ ಬಂದರೆ ಸತ್ತವರು ಬಂದು ಉಂಡು ಹೋಗುತ್ತಾರೆ ಎನ್ನುವುದನ್ನು ನಾನು ಎಂದೂ ನಂಬಿದವಳಲ್ಲ. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ಅಜ್ಜನಿಗೆ ಎಡೆ ಇಡುತ್ತಿದ್ದರು. ಬಾಗಿಲು ತೆಗೆದ ಕೂಡಲೇ ಅಮ್ಮ ಎಲೆಯ ಮೇಲೆ ಬಗ್ಗಿ, ವಡೆ ಒಂದಿಷ್ಟು ಜರುಗಿದೆ, ಲೋಟದಲ್ಲಿ ಪಾಯಸ ಇಳಿದಿದೆ ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ನನ್ನ ತಂಗಿ ಶೈಲಾ ನನ್ನ ಕಿವಿಯಲ್ಲಿ, "ಇಲಿ ಕಣೇ ಅಕ್ಕ, ನಾನೇ ನೋಡ್ದೆ" ಎನ್ನುತ್ತಿದ್ದಳು. ನಗು ತಡೆಯಲಾಗದೆ ಇಬ್ಬರೂ ಏಟು ತಿಂದಿದ್ದೇವೆ. ಅಂಥ ನಾನು ಇದನ್ನು ಬರೆಯುತ್ತಿದ್ದೇನೆ. ನಂಬಿ ಎಂದು ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾವಿಬ್ಬರೂ ಮದುವೆಯಾದವರಲ್ಲ. ಅಪ್ಪ ಅಮ್ಮ ಹೋದ ಮೇಲೆ ತಿಲಕ್ ನಗರದಲ್ಲಿ ಗೌರಮ್ಮ ಆಂಟಿಯ ಮಹಡಿ ಮನೆಯಲ್ಲಿ ಬಾಡಿಗೆಗೆ ಇದ್ದೆವು. ನಾನು ಈಗಲೂ ಅಲ್ಲೇ ಇದ್ದೇನೆ. ನನಗೆ ಜಯನಗರ ಫೋರ್ತ್ ಬ್ಲಾಕಿನ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ. ಶೈಲಾ ಜೆ.ಪಿ. ನಗರದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತಿದ್ದಳು. ಇಬ್ಬರೂ ದಿನವಿಡೀ ಟ್ಯೂಬ್‌ಲೈಟಿನ ಕೆಳಗೆ ಇರುವವರು. ಒಂದು ಭಾನುವಾರ ಅವಳು ಮೊಬೈಲಿನಲ್ಲಿ ಒಂದು ಜಲಪಾತ ತೋರಿಸಿದಳು. ಘಟ್ಟದ ಕಾಡಿನೊಳಗೆ, ಮಧ್ಯಾಹ್ನದಲ್ಲೂ ನೆಲಕ್ಕೆ ಬಿಸಿಲು ಬೀಳದ ಜಾಗದಲ್ಲಿ, ಬಂಡೆಯ ಮೇಲಿಂದ ಮೂರು ಕವಲಾಗಿ ನೀರು ಬೀಳುತ್ತಿತ್ತು. ಅದರ ಹೆಸರು ಬರೆಯಲು ನನಗೆ ಮನಸ್ಸಿಲ್ಲ. "ಅಕ್ಕ, ಇಲ್ಲಿಗೆ ನಾವಿಬ್ರೇ ಹೋಗೋಣ. ಬೇರೆ ಯಾರೂ ಬೇಡ" ಎಂದಳು. ನನಗೆ ಯಾರೂ ಅದುವರೆಗೆ ಹಾಗೆ ಎಲ್ಲಿಗೂ ಕರೆದಿರಲಿಲ್ಲ.

ಅದು ಸುಲಭದ ದಾರಿಯಲ್ಲ. ಅರಣ್ಯ ಇಲಾಖೆಯ ಅನುಮತಿ ಬೇಕು, ಜೊತೆಗೆ ಊರಿನ ಗೈಡ್ ಬೇಕು. ಹಳ್ಳ ದಾಟಬೇಕು, ಬೇರು ಹಿಡಿದು ಹತ್ತಬೇಕು. ಮಳೆಗಾಲದಲ್ಲಿ ಬಿಡುವುದಿಲ್ಲ, ಬೇಸಿಗೆಯಲ್ಲಿ ನೀರಿರುವುದಿಲ್ಲ. ದಸರಾ ಕಳೆದ ಮೇಲಿನ ಕೆಲವು ವಾರಗಳೇ ಸರಿಯಾದ ಕಾಲ. ನಾವು ತಯಾರಿ ಶುರು ಮಾಡಿದೆವು. ಒಂದೇ ತರಹದ ಶೂ ಕೊಂಡೆವು. ಬೆನ್ನಿನ ಬ್ಯಾಗಿಗೆ ಅಕ್ಕಿ ತುಂಬಿಕೊಂಡು ಬೆಳಿಗ್ಗೆ ಪಾರ್ಕ್ ಸುತ್ತಿ, ಆಮೇಲೆ ಮನೆಯ ಮೆಟ್ಟಿಲು ಹತ್ತಿ ಇಳಿದು ಅಭ್ಯಾಸ ಮಾಡುತ್ತಿದ್ದೆವು. ಗೌರಮ್ಮ ಆಂಟಿಯ ಮನೆಯವರು ಹಿಂದೆ ಹೊಸಕೆರೆಹಳ್ಳಿಯ ಕಡೆ ಬೇಸಾಯ ಮಾಡಿದವರು. ಆಂಟಿಗೆ ನಮ್ಮನ್ನು ನೋಡಿದರೆ ನಗು. "ಏನ್ರಮ್ಮ, ಬಾಡಿಗೆ ಕೊಡ್ದೆ ಮನೆ ಖಾಲಿ ಮಾಡ್ತಿದ್ದೀರಾ? ನಾವೂ ರಾಗಿ ಮೂಟೆ ಹೊತ್ವಿ, ಯಾರೂ ಅದಕ್ಕೆ ಟ್ರೆಕ್ಕಿಂಗ್ ಅನ್ಲಿಲ್ಲ ನೋಡ್ರಮ್ಮ!" ಎನ್ನುತ್ತಿದ್ದರು.

ನನಗೆ ಭಯವಿದ್ದದ್ದು ಜಿಗಣೆಯದು. ಘಟ್ಟದವರು ಇಂಬಳ ಎನ್ನುತ್ತಾರಂತೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ಕುಡಿದು ತಾನೇ ಬಿದ್ದುಹೋದ ಮೇಲೆ ರಕ್ತ ಬಹಳ ಹೊತ್ತು ನಿಲ್ಲುವುದಿಲ್ಲ ಎಂದು ಕೇಳಿದ್ದೆ. ಶೈಲಾ ಹೊಗೆಸೊಪ್ಪಿನ ಪುಡಿ, ಉಪ್ಪು ಸೇರಿಸಿ ತೆಳುಬಟ್ಟೆಯಲ್ಲಿ ಎರಡು ಗಂಟು ಕಟ್ಟಿದಳು. ಒಂದು ನನಗೆ, ಒಂದು ಅವಳಿಗೆ.

ಮೊದಲ ವರ್ಷ ಹೊರಡುವ ಹೊತ್ತಿಗೆ ನನ್ನ ಮಂಡಿ ಊದಿಕೊಂಡಿತು. ಡಾಕ್ಟರು ಕೆಲವು ತಿಂಗಳು ಸುಮ್ಮನಿರಿ ಎಂದರು. ಶೈಲಾ, "ನೀರೇನು ಓಡಿಹೋಗುತ್ತಾ ಅಕ್ಕ? ಮುಂದಿನ ವರ್ಷ" ಎಂದಳು. ಅದೇ ದಿನಗಳಲ್ಲಿ ಅವಳು ಕ್ಲಿನಿಕ್ಕಿನ ಗೆಳತಿ ದೀಪಾಳ ಸಂಬಂಧಿಕರ ಮದುವೆಗೆಂದು ಶಿವಮೊಗ್ಗಕ್ಕೆ ಹೋಗಿ ಬಂದಳು. ಬಂದವಳ ಕಾಲಲ್ಲಿ ಅಲ್ಲಲ್ಲಿ ಕೆಂಪು ಗುರುತುಗಳಿದ್ದವು. "ಛತ್ರದಲ್ಲಿ ಬರೀ ತಿಗಣೆ ಅಕ್ಕ" ಎಂದಳು. ಬಿಸಿನೀರು ಕಾಯಿಸಿ, ಬೇವಿನೆಣ್ಣೆ ಹಚ್ಚಿದೆ.

ಆಮೇಲೆ ಮತ್ತೆ ಪ್ಲಾನ್. ಮಂಡಿ ಸ್ವಲ್ಪ ಸುಧಾರಿಸಿದ ಮೇಲೆ ಅಕ್ಕಿ ಬ್ಯಾಗು, ಮೆಟ್ಟಿಲು ಎಲ್ಲ ಮತ್ತೆ ಶುರುವಾಯಿತು. ಊಟವಾದ ಮೇಲೆ ಮೊಬೈಲಿನಲ್ಲಿ ನಕ್ಷೆ ತೆಗೆದುಕೊಂಡು ಕೂರುತ್ತಿದ್ದೆವು. ಈ ಸಲ ಅವಳಿಗೆ ಎಲ್ಲವೂ ಮೊದಲಿಗಿಂತ ಚೆನ್ನಾಗಿ ಗೊತ್ತಿತ್ತು. ಎರಡನೇ ಹಳ್ಳ ದಾಟಿದ ಮೇಲೆ ನೀರು ಕಾಣುವುದಿಲ್ಲ, ಮೊದಲು ಎದೆಯಲ್ಲಿ ಗುಂಯ್ ಎಂದು ಕೇಳಿಸುತ್ತದೆ ಎಂದಳು. ಯಾರು ಹೇಳಿದರು ಎಂದರೆ, ಯಾವುದೋ ವಿಡಿಯೊದಲ್ಲಿ ನೋಡಿದೆ ಎಂದಳು. ಮಲಗುವ ಮುಂಚೆ ದೀಪ ಆರಿಸಿ, "ಹತ್ರದಿಂದ ನೋಡಿದ್ರೆ ಎಷ್ಟು ದೊಡ್ಡದಿರಬಹುದು ಅಕ್ಕ ಅದು?" ಎಂದು ನನ್ನನ್ನು ಕೇಳುತ್ತಿದ್ದಳು. ನಾನು ನಮ್ಮ ಬಿಲ್ಡಿಂಗಿನ ಹತ್ತರಷ್ಟು ಎನ್ನುತ್ತಿದ್ದೆ. ಅವಳು ಹೂಂ ಎನ್ನುತ್ತಿದ್ದಳು. ಈ ಮಾತನ್ನು ಓದುವವರು ನೆನಪಿಡಬೇಕು.

ಮರುವರ್ಷ ಮಳೆ ಶುರುವಾದ ಮೇಲೆ ಶೈಲಾಗೆ ಜ್ವರ ಬಂತು. ಡೆಂಗ್ಯೂ ಎಂದರು. ಆಸ್ಪತ್ರೆಗೆ ಸೇರಿಸಿದೆ. ವಾರ ತುಂಬುವುದರೊಳಗೆ ಹೋಗಿಬಿಟ್ಟಳು. ಜಿಗಣೆಗೆ ಅಷ್ಟೊಂದು ತಯಾರಿ ಮಾಡಿದ ನಾವು ಸೊಳ್ಳೆಯ ಬಗ್ಗೆ ಯೋಚಿಸಿಯೇ ಇರಲಿಲ್ಲ. ಅದಕ್ಕಿಂತ ಹೆಚ್ಚು ಆ ದಿನಗಳ ಬಗ್ಗೆ ಬರೆಯಲು ನನಗೆ ಬರುವುದಿಲ್ಲ.

ಅವಳ ಶೂ, ಅಕ್ಕಿ ತುಂಬಿದ ಬ್ಯಾಗು ಎರಡನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬೀಗದ ಕೈ ನನ್ನ ಪರ್ಸಿನಲ್ಲೇ ಇರುತ್ತಿತ್ತು. ಒಂದು ನಿರ್ಧಾರ ಮಾತ್ರ ಮಾಡಿದೆ. ದಸರಾ ಮುಗಿದ ಮೇಲೆ ನಾನೊಬ್ಬಳೇ ಹೋಗುತ್ತೇನೆ. ನಾವಿಬ್ಬರೂ ಕಾಣದ ಆ ನೀರನ್ನು ಅವಳ ಪರವಾಗಿಯೂ ಕಂಡು ಬರುತ್ತೇನೆ. ಗೈಡಿಗೆ ಫೋನ್ ಮಾಡಿ ದಿನ ಗೊತ್ತು ಮಾಡಿದೆ. ಅಂಗಡಿಯಲ್ಲಿ ರಜೆ ಹೇಳಿದೆ. ಆ ದಿನಗಳಲ್ಲಿ ನನ್ನನ್ನು ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು ಅದೊಂದೇ.

ಅಷ್ಟರಲ್ಲಿ ಪಿತೃಪಕ್ಷ ಬಂತು. ಕೆಲವರಲ್ಲಿ ವರ್ಷ ತುಂಬುವವರೆಗೆ ಎಡೆ ಇಡುವುದಿಲ್ಲ, ನಮ್ಮಲ್ಲಿ ಇಡುತ್ತೇವೆ. ನನಗೆ ನಂಬಿಕೆ ಇರಲಿಲ್ಲ, ಆದರೆ ಇಡದಿರಲು ಧೈರ್ಯವೂ ಇರಲಿಲ್ಲ. ಅಮಾವಾಸ್ಯೆಯ ಸಂಜೆ ಗೌರಮ್ಮ ಆಂಟಿ ತಮ್ಮ ಹಿತ್ತಲಿನ ಬಾಳೆಎಲೆ ಕೊಯ್ದು ತಂದರು. ದೀಪಾಳನ್ನೂ ಕರೆದಿದ್ದೆ. ವಡೆ, ಕಜ್ಜಾಯ, ಪಾಯಸ ಮಾಡಿದೆವು. ಶೈಲಾಗೆ ಇಷ್ಟವೆಂದು ದೀಪಾ ಮೂಲೆಯ ಗಾಡಿಯಿಂದ ಗೋಬಿ ಮಂಚೂರಿ ಕಟ್ಟಿಸಿಕೊಂಡು ಬಂದಳು. ಹೊಸ ಚೂಡಿದಾರ ಇಟ್ಟೆ. ಕೊನೆಗೆ ಬೀರು ತೆಗೆದು ಶೂ ಹೊರಗೆ ತಂದೆ.

ಗೌರಮ್ಮ ಆಂಟಿ ಗದರಿದರು. "ಅಯ್ಯೋ, ಎಡೇಲಿ ಯಾರಾದ್ರೂ ಶೂ ಇಡ್ತಾರೇನಮ್ಮ? ತಲೆ ನೆಟ್ಟಗಿದ್ಯಾ ನಿಂಗೆ?"

"ಅವ್ಳಿಗೆ ಇಷ್ಟವಾದದ್ದು ಇಡ್ಬೇಕು ಅಂತ ನೀವೇ ಅಂದ್ರಲ್ಲ ಆಂಟಿ."

"ಇಷ್ಟ ಅಂತ ನಾಳೆ ಸ್ಕೂಟರ್ರೂ ಒಳಗೆ ತಂದಿಡು" ಎಂದರು. ಆದರೆ ನನ್ನ ಮುಖ ನೋಡಿ ತಾವೇ ಹಳೆಯ ಪೇಪರ್ ತಂದು ಗೋಡೆಯ ಪಕ್ಕ ಹಾಸಿದರು. "ಎಲೆಯಿಂದ ದೂರ ಇಡು."

ಶೂ ಒಣಗಿತ್ತು. ನಾನೇ ಬಟ್ಟೆಯಿಂದ ಒರೆಸಿ, ಒಳಗೆ ಕೈ ಹಾಕಿ ಧೂಳು ತೆಗೆದು ಇಟ್ಟೆ. ಪಕ್ಕದಲ್ಲಿ ಬ್ಯಾಗು. ಆ ದಿನ ಮಳೆಯಿರಲಿಲ್ಲ. ಜ್ವರದ ಭಯದಿಂದ ಕಿಟಕಿಗಳಿಗೆಲ್ಲ ಸೊಳ್ಳೆ ಪರದೆ ಹೊಡೆಸಿದ್ದೆ. ದೀಪ ಹಚ್ಚಿ, ಕೈಮುಗಿದು ಮೂವರೂ ಹೊರಗೆ ಬಂದೆವು. ಬಾಗಿಲು ಹಾಕಿ ಮೆಟ್ಟಿಲ ಮೇಲೆ ಕೂತೆವು. ಕೆಳಗೆ ರಸ್ತೆಯಲ್ಲಿ ಆಟೋ, ಹಾರ್ನು, ಯಾರೋ ಫೋನಿನಲ್ಲಿ ಜಗಳ. ಒಳಗಿಂದ ಯಾವ ಸದ್ದೂ ಇರಲಿಲ್ಲ. ಇದ್ದಿದ್ದರೆ ಹೇಳುತ್ತಿದ್ದೆ.

ಸ್ವಲ್ಪ ಹೊತ್ತಿನ ಮೇಲೆ ಗೌರಮ್ಮ ಆಂಟಿ ಪದ್ಧತಿಯಂತೆ ಬಾಗಿಲು ತಟ್ಟಿ, ಒಳಗಿದ್ದವರಿಗೆ ಹೇಳುವ ಹಾಗೆ, "ಬರ್ತಿದ್ದೀವಮ್ಮ" ಎಂದರು. ತೆಗೆದೆವು. ದೀಪ ಉರಿಯುತ್ತಿತ್ತು. ಎಲೆಯ ಮೇಲೆ ಯಾವುದೂ ಜರುಗಿರಲಿಲ್ಲ. ಶೂ ಕೆಳಗಿನ ಪೇಪರ್ ಮಾತ್ರ ಒದ್ದೆಯಾಗಿತ್ತು. ಬಲಗಾಲಿನ ಶೂ ಪಕ್ಕದಲ್ಲಿ ಕಪ್ಪು ದ್ರಾಕ್ಷಿಯಂಥದ್ದು ಬಿದ್ದಿತ್ತು. ಮುಟ್ಟಲು ಹೋದರೆ ಮೈ ಚಾಚಿತು.

"ಎರೆಹುಳ" ಎಂದರು ಗೌರಮ್ಮ ಆಂಟಿ.

ದೀಪಾ ಹತ್ತಿರ ಬಂದು ಬಗ್ಗಿ ನೋಡಿದಳು. "ಅಲ್ಲ ಆಂಟಿ, ಜಿಗಣೆ. ಅಕ್ಕ, ಇದು ಅಲ್ಲಿದು. ಕುಡಿದ್ರೆ ಹಿಂಗೇ ಆಗುತ್ತೆ."

"ಅಲ್ಲಿದು ಅಂದ್ರೆ? ನಿಂಗೆ ಹೇಗೆ ಗೊತ್ತು?"

ಅವಳು ಅಳಲು ಶುರು ಮಾಡಿದಳು. "ನಾವು ಹೋಗಿದ್ವಿ ಅಕ್ಕ. ಹೋದ ವರ್ಷ. ಯಾವ ಮದ್ವೇನೂ ಇರ್ಲಿಲ್ಲ. ಶೂ ನಮ್ಮನೇಲೇ ತೊಳ್ದು ಒಣಗ್ಸಿ ತಂದ್ಲು. ನಿಮ್ಗೆ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ಲು. ಅಕ್ಕನ ಕೈಲಿ ಅದು ಹತ್ತಕ್ಕಾಗಲ್ಲ ದೀಪು, ಪ್ಲಾನ್ ಮಾಡ್ತಾ ಇದ್ರೆ ಸಾಕು, ಅಕ್ಕ ಖುಷಿಯಾಗಿರ್ತಾಳೆ ಅಂದ್ಲು."

ನನಗೆ ಆಗ ನೆನಪಾದದ್ದು ಆ ದೀಪ ಆರಿಸಿದ ಮೇಲಿನ ಮಾತು. ಎಷ್ಟು ದೊಡ್ಡದಿರಬಹುದು ಅಕ್ಕ ಅದು? ನೋಡಿ ಬಂದವಳು ನೋಡದವಳನ್ನು ಕೇಳುತ್ತಿದ್ದಳು. ನಾನು ಹತ್ತು ಬಿಲ್ಡಿಂಗು ಎಂದಾಗ ಕತ್ತಲಲ್ಲಿ ಅವಳ ಮುಖ ಹೇಗಿತ್ತೋ. ಅವಳು ಹೋಗಿ ಬಂದಿದ್ದನ್ನು ಕ್ಷಮಿಸಬಹುದಿತ್ತು. ನನ್ನ ಮಂಡಿ ನಿಜವಾಗಿಯೂ ಹಾಳಾಗಿತ್ತು. ಆದರೆ ಆಮೇಲಿನ ಎಷ್ಟೋ ತಿಂಗಳು ನನ್ನ ಬೆನ್ನಿಗೆ ಅಕ್ಕಿ ಹೊರಿಸಿ ಮೆಟ್ಟಿಲು ಹತ್ತಿಸಿದಳಲ್ಲ, ಮಗುವಿನ ಕೈಗೆ ಆಟದ ಸಾಮಾನು ಕೊಟ್ಟು ಕೂರಿಸಿದ ಹಾಗೆ. ನಾನು ಅವಳಿಗಾಗಿ ಕಾಣಲು ಹೊರಟಿದ್ದದ್ದನ್ನು ಅವಳು ಯಾವಾಗಲೋ ಕಂಡಾಗಿತ್ತು.

"ಏಯ್, ಇದೇನೇ ರಕ್ತ?" ಎಂದರು ಗೌರಮ್ಮ ಆಂಟಿ.

ನೆಲದ ಮೇಲೆ ನನ್ನ ಹೆಜ್ಜೆಯ ಗುರುತು ಕೆಂಪಗೆ ಬಿದ್ದಿತ್ತು. ಬಲಗಾಲಿನ ಹರಡಿನ ಮೇಲಿಂದ ತೆಳುವಾಗಿ ಇಳಿಯುತ್ತಿತ್ತು. ನೋವಿಲ್ಲ, ಉರಿಯಿಲ್ಲ. ದೀಪಾ ತನ್ನ ದುಪಟ್ಟಾ ಒತ್ತಿ ಹಿಡಿದಳು. ನಿಲ್ಲಲಿಲ್ಲ. "ಇದು ಹಂಗೇ ಅಕ್ಕ, ಬೇಗ ನಿಲ್ಲಲ್ಲ. ಅವ್ಳಿಗೂ ಇಲ್ಲೇ ಕಚ್ಚಿತ್ತು" ಎಂದಳು.

ಗೌರಮ್ಮ ಆಂಟಿ ಉಪ್ಪು ತಂದರು. ನಾನು ಹಾಕಲು ಬಿಡಲಿಲ್ಲ. ಅದರ ಹೊಟ್ಟೆಯಲ್ಲಿದ್ದದ್ದು ನನ್ನ ರಕ್ತ. ಪೇಪರ್ ಸಮೇತ ಎತ್ತಿಕೊಂಡು ಹೋಗಿ ಬಾಳೆಗಿಡದ ಬುಡದ ಒದ್ದೆ ಮಣ್ಣಿನಲ್ಲಿ ಬಿಟ್ಟೆ. ಎಡೆಯ ಅನ್ನವನ್ನು ಆ ದಿನ ಯಾರೂ ಸರಿಯಾಗಿ ಉಣ್ಣಲಿಲ್ಲ. ದೀಪಾ ಹೋಗುವಾಗ ನನ್ನ ಕಾಲು ಮುಟ್ಟಿದಳು. ನಾನು ಏಳು ಎನ್ನಲಿಲ್ಲ.

ಆಮೇಲೆ ನಾನೂ ನೆಟ್ಟಗೆ ಯೋಚಿಸಿ ನೋಡಿದ್ದೇನೆ. ಅಂಗಡಿಗೆ ಬಂದ ಕಾಲೇಜು ಮೇಷ್ಟ್ರೊಬ್ಬರನ್ನು ಹೀಗೇ ಸುಮ್ಮನೆ ಕೇಳುವ ಹಾಗೆ ಕೇಳಿದೆ. ಬಾಳೆಎಲೆಯ ಜೊತೆ ಬಂದಿರುತ್ತೆ, ಎಲೆ ತೊಳೆಯುವಾಗ ಕಾಲಿಗೆ ಹತ್ತಿರುತ್ತೆ ಮೇಡಂ ಎಂದರು. ಇರಬಹುದು. ಎಲೆ ತೊಳೆದದ್ದು ನಾನೇ. ಆದರೆ ಆ ಎಲೆ ನಮ್ಮ ಹಿತ್ತಲಿನದು. ಗೌರಮ್ಮ ಆಂಟಿ ಮದುವೆಯಾಗಿ ಬಂದಾಗಿನಿಂದ ಅಲ್ಲಿ ಜಿಗಣೆ ಕಂಡಿಲ್ಲವಂತೆ. ಎಲೆಯ ಹತ್ತಿರ ಬೀಳದೆ ಅಷ್ಟು ದೂರದ ಶೂ ಪಕ್ಕಕ್ಕೆ ಹೋದದ್ದು ಹೇಗೆ? ಪೇಪರ್ ಒದ್ದೆಯಾದದ್ದು ಹೇಗೆ? ಒಂದು ವರ್ಷದ ಹಿಂದಿನದು ಶೂ ಒಳಗೇ ಬದುಕಿತ್ತು ಎನ್ನಲು, ಒಳಗೆ ಕೈ ಹಾಕಿ ಒರೆಸಿದವಳು ನಾನು.

ಗೌರಮ್ಮ ಆಂಟಿಗೆ ಇದರಲ್ಲಿ ಅನುಮಾನವೇ ಇಲ್ಲ. "ತಪ್ಪು ಒಪ್ಕೊಳ್ಳಕ್ಕೆ ಬಂದಿದ್ಲು ಕಣಮ್ಮ, ಪಾಪ, ಬಾಯಿಲ್ವಲ್ಲ ಅವ್ಳಿಗೆ" ಎನ್ನುತ್ತಾರೆ. ಪಾಪ ಎನ್ನಲು ನನಗೆ ಇನ್ನೂ ಮನಸ್ಸು ಬಂದಿಲ್ಲ. ಬಾಯಿದ್ದಾಗ ಅವಳು ಹೇಳಿದ್ದು ತಿಗಣೆಯ ಕಥೆ.

ಗೈಡಿಗೆ ಫೋನ್ ಮಾಡಿ ಬರುವುದಿಲ್ಲ ಎಂದೆ. ಆ ಜಲಪಾತವನ್ನು ನಾನು ಇವತ್ತಿಗೂ ನೋಡಿಲ್ಲ. ಕಾಲಿನ ಗುರುತು ಎಷ್ಟೋ ವಾರ ಕೆರೆಯುತ್ತಿತ್ತು. ಈಗ ಒಂದು ಚುಕ್ಕೆ ಉಳಿದಿದೆ.

ಆಮೇಲೂ ಪ್ರತಿ ವರ್ಷ ಶೈಲಾಗೆ ಎಡೆ ಇಡುತ್ತೇನೆ. ವಡೆ ಇಡುತ್ತೇನೆ, ಗೋಬಿ ಮಂಚೂರಿಯನ್ನೂ ನಾನೇ ಹೋಗಿ ತರುತ್ತೇನೆ. ಶೂ ಮಾತ್ರ ಇಡುವುದಿಲ್ಲ. ಮೊದಲ ಸಲ ಬೈದಿದ್ದ ಗೌರಮ್ಮ ಆಂಟಿಯೇ ಈಗ, "ಇಡಮ್ಮ, ನೋಡೋಣ" ಎನ್ನುತ್ತಾರೆ. ಬೀರುವಿನ ಬೀಗದ ಕೈ ಹಿಡಿದು ನಿಂತು, ಮತ್ತೆ ಪರ್ಸಿಗೆ ಹಾಕಿಕೊಳ್ಳುತ್ತೇನೆ. ಇಟ್ಟು, ಬಾಗಿಲು ತೆಗೆದಾಗ ಪೇಪರ್ ಒಣಗಿದ್ದು, ಅಲ್ಲಿ ಏನೂ ಇಲ್ಲದೆ ಹೋದರೆ, ಮೇಷ್ಟ್ರು ಹೇಳಿದ್ದೇ ನಿಜ, ಅದು ಬಾಳೆಎಲೆಯ ಹುಳ ಎಂದಾಗುತ್ತದೆ. ಹಾಗಾದರೆ ನನ್ನ ತಂಗಿ ನನಗೆ ಏನನ್ನೂ ಹೇಳದೆಯೇ ಹೋದಳು.