ದೊಡ್ಡವ್ವ ಆಡದೇ ಇಟ್ಟಿದ್ದ ಉರ್ದು

ಸೊಸೆ ಅಗಸಿ ಹುರಿಯುತ್ತಿದ್ದಳು. ಸ್ವಲ್ಪ ಸೀದ ವಾಸನೆ ಬಂತು ನೋಡಿ, ಮಾನವಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ದೊಡ್ಡವ್ವ ನೆನಪಾದಳು. ಎಪ್ಪತ್ತೈದು ವರ್ಷ ದಾಟಿತು, ಆ ದಿನದ ಗಾಬರಿ ಮಾತ್ರ ಇನ್ನೂ ಇಳಿದಿಲ್ಲ.

ಆಗ ನಿಜಾಮರ ಕಾಲ. ದೊಡ್ಡವ್ವನ ಗಂಡ ಕಚೇರಿಯಲ್ಲಿ ಗುಮಾಸ್ತ. ಕಚೇರಿಯಲ್ಲೆಲ್ಲ ಉರ್ದು, ನಮ್ಮ ಗಂಡಸರು ಅದನ್ನು ಮನೆಗೂ ಹೊತ್ತು ತರುತ್ತಿದ್ದರು. ಹೆಂಗಸರಿಗೆ ತಿಳಿಯಬಾರದ ಮಾತು ಬಂದರೆ ಎದ್ದು ಬಾಗಿಲು ಹಾಕುವ ತೊಂದರೆಯೇ ಇಲ್ಲ, ಉರ್ದುವಿಗೆ ಹೊರಳಿದರೆ ಮುಗಿಯಿತು! ನಾವು ಒಲೆ ಮುಂದೆ ಕನ್ನಡದಲ್ಲಿ ಹರಟುತ್ತಿದ್ದೆವು. ಅವರ ಮಾತಿಗೆ ಯಾರು ಕಿವಿಗೊಡಬೇಕು?

ಒಂದು ದಿನ ದೊಡ್ಡವ್ವನ ಮಗಳನ್ನು ಕೇಳಲು ದೇವದುರ್ಗದಿಂದ ವರನ ಕಾಕಾ ಬಂದಿದ್ದ. ಅವಳು ನನ್ನ ಗೆಳತಿ. ವರನಿಗೆ ಎರಡನೇ ಮದುವೆ. ಮೊದಲ ಹೆಂಡತಿ ಜ್ವರದಿಂದ ತೀರಿಕೊಂಡಳೆಂದು ಕಾಕಾ ಕನ್ನಡದಲ್ಲಿ ಹೇಳಿದ. ಆಮೇಲೆ ಮಾತು ಉರ್ದುವಿಗೆ ಹೊರಳಿತು. ನಾವಿಬ್ಬರೂ ಅಡುಗೆಮನೆಯಲ್ಲಿ ಕಿಸಿಕಿಸಿ ನಗುತ್ತಿದ್ದೆವು. ಅಗಸಿ ಹುರಿಯುತ್ತಿದ್ದ ದೊಡ್ಡವ್ವನ ಕೈ ನಿಂತಿತು. ಅಗಸಿ ಸೀಯತೊಡಗಿತು… ಆಕೆ ಎದ್ದು, ಸೆರಗು ಹೊದ್ದು, ಗಂಡಸರು ಕೂತ ಪಡಸಾಲೆಗೇ ನಡೆದಳು.

"ಮೇರಿ ಬೇಟೀಕು ಮೈ ನೈ ದೇತೂಂ!"

ಅಬ್ಬಾ! ಮಗಳನ್ನು ಕೊಡುವುದಿಲ್ಲ ಅಂದದ್ದು ಉರ್ದು ಬಾರದ ನನಗೂ ತಿಳಿಯಿತು. ಕಾಕಾನ ಚಹಾ ಧೋತರದ ಮೇಲೆ ಚೆಲ್ಲಿತು. ದೊಡ್ಡವ್ವ ಗಂಡನ ಕಡೆ ತಿರುಗಿದಳು.

"ಮೊದಲನಾಕಿ ಗಂಡನ ಹೊಡ್ತ ತಾಳಲಾರ್ದ ಬಾವಿಗೆ ಬಿದ್ಲು ಅಂತ ಇವರು ಈಗ ಅಂದ್ರು. ಹೆಣ್ಮಕ್ಕಳ ಕಿವಿಗೆ ಹಾಕಬ್ಯಾಡ್ರಿ ಅಂತ ನೀವು ಅಂದ್ರಿ. ಹಡದ ಅಪ್ಪ ಹೌದೇನ್ರೀ ನೀವು?"

ಬಂದವನು ಚಪ್ಪಲಿ ಮೆಟ್ಟಿ ಹೊರಟೇಹೋದ. ದೊಡ್ಡಪ್ಪನಿಗೆ ಸಿಟ್ಟು ಬರಲಿಲ್ಲ, ಮುಖ ಬಿಳಿಚಿಕೊಂಡಿತು.

"ಉರ್ದು ಯಾವಾಗ ಕಲತಿ?"

"ಕಲತೇ ಬಂದೀನ್ರಿ. ರಾಯಚೂರಾಗ ನಮ್ಮ ತವರಮನಿ ಮಗ್ಗಲಕ್ಕ ಸಾಬರ ಮನಿ ಇತ್ತು. ಇಪ್ಪತ್ತು ವರ್ಷದಾಗ ನೀವು ಒಮ್ಮಿನೂ ಕೇಳಲಿಲ್ಲ."

ಇಪ್ಪತ್ತು ವರ್ಷ! ಆಕೆಯ ಎದುರೇ ಆತ ಏನೇನು ಆಡಿಕೊಂಡಿದ್ದನೋ… ಎಲ್ಲ ಕೇಳಿಸಿಕೊಂಡು ಅವನಿಗೇ ರೊಟ್ಟಿ ಬಡಿದು ಹಾಕಿದ್ದಳಲ್ಲ! ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಗೆಳತಿಯನ್ನು ಮುಂದೆ ಪೋತ್ನಾಳಕ್ಕೆ ಕೊಟ್ಟರು, ಚೆನ್ನಾಗಿ ಬಾಳಿದಳು. ನಾನು ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ, "ದೊಡ್ಡವ್ವಾ, ನೀ ಮದುವ್ಯಾಗಿ ಬಂದ ದಿನ ಗಂಡಸ್ರು ನಿನ್ನ ಬಗ್ಗಿ ಏನಂದ್ರು?"

ದೊಡ್ಡವ್ವ ನನ್ನ ತಲೆ ಸವರಿದಳು.

"ಬ್ಯಾಡ ಬಿಡ ಯವ್ವಾ. ನಿನ್ನ ಮದುವಿ ಇನ್ನೂ ಆಗಬೇಕು."

ನನ್ನ ಮದುವೆ ಆಯಿತು, ಮೊಮ್ಮಕ್ಕಳಾದರು, ಗಂಡನೂ ಹೋದ. ಈಗಾದರೆ ಕೇಳಿಸಿಕೊಂಡೇನು. ಹೇಳಬೇಕಾದ ದೊಡ್ಡವ್ವ ಹೋಗಿ ಎಷ್ಟೋ ವರ್ಷವಾಯಿತು…